ಯಾಜಕನ ಪಕ್ಷ ಹಿಡಿದು ಕುಳಿತದ್ದು

ಫೋನ್ ಮಾಡಿದವರು ತಾವು ನಿವೃತ್ತ ಕನ್ನಡ ಮೇಷ್ಟ್ರು ಎಂದರು, ಊರು ಬ್ರಹ್ಮಾವರದ ಹತ್ತಿರ ಹೊಳೆಬದಿ ಎಂದರು, ಆಮೇಲೆ ಸುಮ್ಮನಾದರು. ಆ ಸುಮ್ಮನಾದದ್ದೇ ನನಗೆ ಹಿಡಿಸಲಿಲ್ಲ. ತಾಳಮದ್ದಳೆಗೆ ಕರೆಯುವವರು ಯಾರೂ ಹಾಗೆ ತಡವರಿಸುವುದಿಲ್ಲ. ಪ್ರಸಂಗ, ಪಾತ್ರ, ದಿನ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ.

"ಹ್ವಾಯ್, ನಮ್ಮ್ ಇಗರ್ಜಿ ಸಭಾಂಗಣದಗೆ ಒಂದ್ ಕೂಟ ಇತ್ತ್. ಬೈಬಲ್ ಕತಿ. ಪದ್ಯ ನಾನೇ ಬರದ್ದ್. ನೀವ್ ಯಾಜಕನ ಅರ್ಥ ಹೇಳ್ಕ್."

"ಯಾವ್ ಯಾಜಕ?"

"ಪ್ರವಾದಿಯನ್ನ್ ಊರಿಂದ ಓಡ್ಸಿದವ."

ನಾನು ಬೈಂದೂರಿನವನು. ವೇಷ ಕಟ್ಟದೆ ಕುರ್ಚಿಯ ಮೇಲೆ ಕುಳಿತು, ಭಾಗವತರು ಹಾಡಿದ ಪದ್ಯಕ್ಕೆ ಪಾತ್ರವಾಗಿ ಮಾತು ಹೆಣೆದು ಎದುರಿನವರೊಂದಿಗೆ ವಾದಿಸುವುದೇ, ಅಂದರೆ ಅರ್ಥ ಹೇಳುವುದೇ, ನನ್ನ ಕಸುಬು. ಅದರಲ್ಲೂ ನನ್ನ ಪಾಲಿಗೆ ಬರುವುದು ಸದಾ ಎದುರು ಪಕ್ಷದ ಪಾತ್ರ. ಅಡ್ಡಿ ಮಾಡುವವನು, ಶಪಿಸುವವನು, ಒಳ್ಳೆಯವರನ್ನು ಕಾಡುವವನು. ನನ್ನ ಮುಖಕ್ಕೆ ಅದು ಒಪ್ಪುತ್ತದೆ ಎಂದು ನನ್ನ ಹೆಂಡತಿಯೂ ಹೇಳುತ್ತಾಳೆ. ಆದರೆ ಈ ಜಿಲ್ಲೆಯಲ್ಲಿ ಅರ್ಥ ಹೇಳುವ ಕ್ರೈಸ್ತರೇ ಇದ್ದಾರೆ. ಅವರನ್ನೆಲ್ಲ ಬಿಟ್ಟು ಇಗರ್ಜಿಯ ಮೆಟ್ಟಿಲನ್ನೇ ಹತ್ತದ ನನ್ನನ್ನು ಯಾಕೆ ಕರೆದರು? ದೇವಸ್ಥಾನದ ಪುರೋಹಿತನನ್ನು ಕೆಟ್ಟವನನ್ನಾಗಿ ತೋರಿಸಬೇಕು, ಅದೂ ನಮ್ಮವನೊಬ್ಬನ ಬಾಯಿಂದಲೇ ಬರಬೇಕು ಎಂಬ ಲೆಕ್ಕಾಚಾರ ಇದ್ದೀತೇ? ನನ್ನ ತಲೆ ಓಡುವುದೇ ಹೀಗೆ. ಬಸ್ಸಿನಲ್ಲಿ ಯಾರಾದರೂ ಎದ್ದು ಸೀಟು ಬಿಟ್ಟುಕೊಟ್ಟರೂ ಮೊದಲು ಸೀಟು ಒದ್ದೆ ಇದೆಯೇ ಎಂದು ಮುಟ್ಟಿ ನೋಡುವವನು ನಾನು.

ಮೇಷ್ಟ್ರು ಕುಂದಾಪುರಕ್ಕೆ ಬಂದು, ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಪದ್ಯಗಳ ಪ್ರತಿಯನ್ನೂ ಬೈಬಲಿನ ಆ ಭಾಗದ ಜೆರಾಕ್ಸನ್ನೂ ಕೊಟ್ಟರು. ತೆಳ್ಳಗಿನ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಪ್ರತಿ ಅಕ್ಷರವನ್ನೂ ಬಿಡಿಸಿ ಉಚ್ಚರಿಸುವ ಬಾಯಿ. ಪ್ರವಾದಿಯ ಅರ್ಥವನ್ನು ತಾವೇ ಹೇಳುವುದಾಗಿ ತಿಳಿಸಿದರು. ಹಿಂದೆ ಎಷ್ಟು ಕೂಟದಲ್ಲಿ ಕುಳಿತಿದ್ದೀರಿ ಎಂದು ಕೇಳಿದರೆ, ಇದೇ ಮೊದಲು ಎಂದು ನಾಚಿಕೊಂಡರು. ನನಗೆ ತಡೆಯಲಾಗಲಿಲ್ಲ.

"ಮೇಷ್ಟ್ರೆ, ಬಾಯ್ ಬಿಟ್ಟ್ ಹೇಳಿ. ನಿಮ್ಮನ್ನ್ ಯಾರ್ ಕಳ್ಸಿದ್?"

ಅವರು ಚಹಾ ಲೋಟ ಕೆಳಗಿಟ್ಟು ನಕ್ಕರು. "ಅದ್ ಯಾಜಕನ ಪ್ರಶ್ನೆ. ಕೂಟದಗೆ ಕೇಣಿ."

ಕಥೆ ಇಷ್ಟೇ. ದಕ್ಷಿಣದ ರಾಜ್ಯದಲ್ಲಿ ಆಮೋಸ ಎಂಬೊಬ್ಬ ಕುರಿ ಕಾಯುತ್ತ, ಅತ್ತಿಮರಗಳನ್ನು ನೋಡಿಕೊಳ್ಳುತ್ತ ಇದ್ದ. ದೈವಪ್ರೇರಣೆಯಾಗಿ ಅವನು ಉತ್ತರದ ರಾಜ್ಯಕ್ಕೆ ಬರುತ್ತಾನೆ. ಅಲ್ಲಿ ಬೇತೇಲ್ ಎಂಬ ಊರಿನಲ್ಲಿ ರಾಜನ ಮಂದಿರ. ಅಲ್ಲಿ ನಿಂತು, ನೀವು ಬಡವರನ್ನು ತುಳಿಯುತ್ತೀರಿ, ದೀನರ ದಾರಿಗೆ ಅಡ್ಡ ಬರುತ್ತೀರಿ, ನಿಮ್ಮ ಹಾಡು ಹಬ್ಬ ದೇವರಿಗೆ ಬೇಡ, ಈ ರಾಜ್ಯ ಉಳಿಯುವುದಿಲ್ಲ ಎಂದು ಸಾರುತ್ತಾನೆ. ಆ ಮಂದಿರದ ಯಾಜಕ ಅಮಚ್ಯ ರಾಜನಿಗೆ ದೂರು ಕಳಿಸಿ, ಇವನನ್ನು ಕರೆದು, ನಿನ್ನ ನಾಡಿಗೆ ಹೋಗು, ಅಲ್ಲೇ ಪ್ರವಾದನೆ ಮಾಡಿ ಅಲ್ಲೇ ಉಣ್ಣು, ಇಲ್ಲಿ ಬಾಯಿ ಬಿಡಬೇಡ ಎನ್ನುತ್ತಾನೆ. ಬೈಬಲಿನಲ್ಲಿ ಯಾಜಕನ ಭಾಗಕ್ಕೆ ಸಿಗುವುದು ಒಂದು ಉಸಿರಿನ ಮಾತು. ಅದನ್ನು ಹಿಡಿದು ನಾನು ಮಧ್ಯಾಹ್ನವಿಡೀ ವಾದಿಸಬೇಕಿತ್ತು.

ನನ್ನ ಕೆಲಸದ ಕ್ರಮ ಹೀಗೆ. ಮೊದಲು ಪಾತ್ರ ಏನು ಮಾಡಿದ ಎಂದು ನೋಡುವುದಿಲ್ಲ, ಯಾಕೆ ಮಾಡಿದ ಎಂದು ನೋಡುತ್ತೇನೆ. ತಾನು ಕೆಟ್ಟವನೆಂದು ತಾನೇ ಒಪ್ಪಿಕೊಂಡ ಪಾತ್ರವನ್ನು ಹೇಳಿ ಪ್ರಯೋಜನವಿಲ್ಲ. ಸಭೆಗೂ ನಿದ್ದೆ, ನಮಗೂ ನಿದ್ದೆ. ಹಾಗಾಗಿ ಕುಂದಾಪುರ ಬೈಂದೂರು ಬಸ್ಸಿನಲ್ಲಿ ಕುಳಿತು ಅಮಚ್ಯನ ಉದ್ದೇಶಗಳನ್ನು ಒಂದೊಂದಾಗಿ ಹಿಡಿದು ನೋಡಿದೆ. ಹೊಟ್ಟೆಪಾಡು? ಮಂದಿರದ ಆದಾಯಕ್ಕೆ ಕುತ್ತು ಬಂತೆಂಬ ಕಳವಳ? ಇರಬಹುದು, ಆದರೆ ಅದೊಂದನ್ನೇ ನೆಚ್ಚಿದರೆ ವಾದ ಬೇಗ ಬತ್ತಿ ಹೋಗುತ್ತದೆ. ಹೊಟ್ಟೆಕಿಚ್ಚು? ಕುರಿ ಕಾಯುವವನ ಮೇಲೆ ರಾಜಪುರೋಹಿತನಿಗೆ ಎಂತಹ ಹೊಟ್ಟೆಕಿಚ್ಚು? ರಾಜನ ಭಯ? ಅದು ಸ್ವಲ್ಪ ಗಟ್ಟಿ. ಆದರೂ ಕೊಲ್ಲಿಸಬಹುದಾಗಿದ್ದವನನ್ನು ಊರು ಬಿಡು ಎಂದು ಮಾತ್ರ ಹೇಳಿದ್ದು ಯಾಕೆ?

ಅಲ್ಲೇ ಉಣ್ಣು ಎಂಬ ಮಾತಿನಲ್ಲಿ ನನಗೆ ಅವನು ಸಿಕ್ಕಿದ. ಪ್ರವಾದಿ ಉಣ್ಣಲಿಕ್ಕಾಗಿಯೇ ಬಂದಿದ್ದಾನೆ ಎಂದು ಅಮಚ್ಯ ತಿಳಿದಿದ್ದ. ಇವನ ಹಿಂದೆ ಯಾರೋ ಇದ್ದಾರೆ, ದಕ್ಷಿಣದವರು ಕಳಿಸಿದ್ದಾರೆ, ಏನೋ ಲಾಭವಿದೆ ಎಂಬ ನಂಬಿಕೆ. ಒಬ್ಬ ಮನುಷ್ಯ ಸುಮ್ಮನೆ, ಯಾರೂ ಕಳಿಸದೆ, ಹೇಳಲೇಬೇಕಾಯಿತು ಎಂದು ಹೇಳಿದ್ದಾನು ಎಂಬುದು ಅವನ ತಲೆಗೆ ಹೋಗಲೇ ಇಲ್ಲ. ಅವನು ನನ್ನಂತೆಯೇ ಸೀಟು ಮುಟ್ಟಿ ನೋಡುವವನು. ನನಗೆ ಖುಷಿಯೂ ಆಯಿತು, ಸ್ವಲ್ಪ ಕಸಿವಿಸಿಯೂ ಆಯಿತು.

ಇನ್ನೊಂದು ಕಂಡಿತು. ಅಮಚ್ಯ ರಾಜನಿಗೆ ಹೇಳಿ ಕಳಿಸಿದ ದೂರಿನಲ್ಲಿ ರಾಜ ಸಾಯುತ್ತಾನೆ, ಜನ ಸೆರೆ ಹೋಗುತ್ತಾರೆ ಎಂಬುದಷ್ಟೇ ಇದೆ. ಬಡವರ ಸುದ್ದಿಯೇ ಇಲ್ಲ. ಆಮೋಸ ಅಷ್ಟೆಲ್ಲ ಕೂಗಿದ್ದು ಅವರ ಬಗ್ಗೆ, ಅದೇ ಬಿಟ್ಟುಹೋಗಿದೆ. ಇದು ನನ್ನ ಪಾತ್ರದ ಹುಣ್ಣು ಎಂದು ಗುರುತು ಮಾಡಿಕೊಂಡೆ. ತನ್ನ ಪಾತ್ರದ ಹುಣ್ಣು ಎಲ್ಲಿದೆ ಎಂದು ತಿಳಿದು, ಎದುರಿನವರು ಅಲ್ಲಿಗೆ ಬೆರಳು ಹಾಕದಂತೆ ಮಾತನ್ನು ಬೇರೆ ಕಡೆ ತಿರುಗಿಸುವುದು ಅರ್ಥಧಾರಿಯ ಮೊದಲ ಪಾಠ.

ಸಾಲಿಗ್ರಾಮದಲ್ಲಿರುವ ಭಾಗವತರು ನನ್ನ ಹಳೆಯ ಜೊತೆಗಾರ. ಪದ್ಯಗಳನ್ನು ಅವರ ಮುಂದಿಟ್ಟೆ. ಅವರು ತೊಡೆಯ ಮೇಲೆ ತಾಳ ಹಾಕುತ್ತ ಒಂದೊಂದನ್ನೇ ಗುನುಗಿದರು. ಛಂದಸ್ಸು ಎಲ್ಲೂ ತಪ್ಪಿರಲಿಲ್ಲ. ಒಂದು ಪದ್ಯದ ಹತ್ತಿರ ನಿಂತರು. ದೇವರು ಗೋಡೆಯ ಪಕ್ಕ ನೂಲುಗುಂಡು ಹಿಡಿದು ನಿಂತು, ಗೋಡೆ ನೆಟ್ಟಗಿದೆಯೇ ಎಂದು ನೋಡುವ ದರ್ಶನ ಆಮೋಸನಿಗೆ ಆಗುತ್ತದೆ. ಮೂಲದಲ್ಲಿ ಅದು ಚಿಕ್ಕದು. ಮೇಷ್ಟ್ರು ಅದಕ್ಕೆ ನಾಲ್ಕು ಪದ್ಯ ಬರೆದಿದ್ದರು. ಸುಣ್ಣ, ಕಲ್ಲು, ಪಾಯ, ಗೋಡೆಯಿಂದಾಗಿ ಸುತ್ತಿ ಬರುವ ಹೆಂಗಸರು, ಎಲ್ಲ ಇತ್ತು.

"ಎಂತದೋ ಇತ್ತ್ ಮಾರಾಯ್ರೆ," ಎಂದರು ಭಾಗವತರು. "ಗೋಡಿಗ್ ನಾಕ್ ಪದ್ಯ, ದೇವ್ರಿಗ್ ಒಂದೇ."

ಇಂತಹ ಮಾತು ಕೇಳಿದ ಮೇಲೆ ನನಗೆ ಮನೆಯಲ್ಲಿ ಕೂರಲಾಗುವುದಿಲ್ಲ. ಮರುದಿನವೇ ಬ್ರಹ್ಮಾವರದಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ಆ ಊರಿಗೆ ಹೋದೆ. ಇಗರ್ಜಿ ದಿಣ್ಣೆಯ ಮೇಲಿದೆ. ಅದರ ಹಿತ್ತಿಲು ಇಳಿದರೆ ಹೊಳೆ. ಹಿತ್ತಿಲ ಉದ್ದಕ್ಕೂ ಹೊಸ ಗೋಡೆ, ಕೆಂಪುಕಲ್ಲಿನದು, ಸಿಮೆಂಟು ಇನ್ನೂ ಬೂದು ಬಣ್ಣ ಬಿಟ್ಟಿರಲಿಲ್ಲ. ಗೋಡೆಯ ಬುಡದವರೆಗೆ ಒಂದು ಕಾಲುದಾರಿ ಸವೆದು ಬಂದಿತ್ತು. ಗೋಡೆಯ ಆಚೆಗೂ ಅದೇ ದಾರಿ ಹೊಳೆಯ ಕಡೆಗೆ ಇಳಿಯುತ್ತಿತ್ತು. ನಡುವೆ ಮಾತ್ರ ಗೋಡೆ.

ಹೊಳೆಯ ಕಡೆಯಿಂದ ಒಬ್ಬ ಹೆಂಗಸು ಹೊಳೆಯಲ್ಲಿ ಹೆಕ್ಕಿದ ಚಿಪ್ಪುಮೀನು ತುಂಬಿದ ಬುಟ್ಟಿ ಹೊತ್ತು, ಗೋಡೆಯ ಬದಿ ಹಿಡಿದು, ಬಹಳ ದೂರ ಸುತ್ತಿ ರಸ್ತೆಗೆ ಬಂದಳು. ಸೀರೆ ಮೊಣಕಾಲಿನವರೆಗೆ ಒದ್ದೆ. ಬುಟ್ಟಿಯಿಂದ ನೀರು ಸೋರಿ ಹೆಗಲ ಮೇಲೆ ಇಳಿಯುತ್ತಿತ್ತು. ಈ ದಾರಿ ಯಾವಾಗ ಮುಚ್ಚಿದರು ಎಂದು ಕೇಳಿದೆ.

"ಮಳಿ ಹೋದ್ ಮೇಲೆ," ಎಂದಳು. "ನನ್ನ್ ಅತ್ತಿ ಕಾಲದಿಂದ ಇದೇ ದಾರಿ. ಈಗ ಕೆಸ್ರಗೆ ಸುತ್ತ್ ಹಾಕಿ ಬರ್ಕ್. ಅಷ್ಟ್ ಹೊತ್ತಿಗೆ ಚಿಪ್ಪ್ ಸತ್ತ್ ಬಾಯ್ ಬಿಡ್ತ್. ಪ್ಯಾಟಿಯಗೆ ಯಾರ್ ತಕಂತ್ರ್?"

"ಕೇಂಬವ್ರ್ ಯಾರೂ ಇಲ್ಯಾ?"

"ಒಬ್ರ್ ಕೇಂಡ್ರ್. ಮೇಷ್ಟ್ರ್. ಈಗ ಅವ್ರಿಗೇ ಇಗರ್ಜಿಯಗೆ ಬಾಯಿ ಇಲ್ಲ ಅಂಬ್ರ್."

ನಾಲ್ಕು ಪದ್ಯದ ಗೋಡೆ ಯಾವುದೆಂದು ತಿಳಿಯಿತು. ಸಿಟ್ಟು ನೆತ್ತಿಗೇರಿತು. ನೇರ ಮೇಷ್ಟ್ರ ಮನೆಗೆ ಹೋಗಿ ಜಗಲಿಯಲ್ಲಿ ನಿಂತುಕೊಂಡೇ ಕೇಳಿದೆ. ಅವರು ಮುಚ್ಚಿಡಲಿಲ್ಲ. ಪ್ರತಿ ಭಾನುವಾರ ಪೂಜೆಯಲ್ಲಿ ಬೈಬಲಿನ ಮೊದಲ ವಾಚನ ಓದುತ್ತಿದ್ದವರು ಅವರು. ದಾರಿ ಮುಚ್ಚಬೇಡಿ ಎಂದು ಸಭೆಯಲ್ಲಿ ಎದ್ದು ಹೇಳಿದ ಮೇಲೆ ಇಗರ್ಜಿಯ ಫಾದರ್ ಓದುವ ಸರದಿಯಿಂದ ಅವರನ್ನು ಕೈಬಿಟ್ಟರು. ಇಗರ್ಜಿ ಸಮಿತಿಯವರೊಬ್ಬರು, ಅಷ್ಟು ಬೇಸರವಿದ್ದರೆ ಬೇರೆ ಇಗರ್ಜಿಗೆ ಹೋಗಬಹುದಲ್ಲ ಎಂದೂ ಹೇಳಿದ್ದರು.

"ನನ್ನ್ ಅಪ್ಪ ಅಬ್ಬಿ ಇದೇ ಮಣ್ಣಗೆ ಮಲ್ಗಿದ್ರ್," ಎಂದರು ಮೇಷ್ಟ್ರು. "ನಾನ್ ಎಲ್ಲಿಗ್ ಹೋಪುದ್? ಒಂದ್ ಸಲ, ಒಂದೇ ಸಲ, ಎಲ್ಲರ ಎದ್ರ್ ಹೇಳ್ಕ್. ಆಮೇಲ್ ಬೇಕಾರೆ ಹೊರಗ್ ಹಾಕ್ಲಿ."

"ಅದ್ಕೆ ನನ್ನನ್ನ್ ನಿಮ್ಮ್ ಫಾದರ್ ಮಾಡಿ ಕೂರ್ಸುದಾ? ನಿಮ್ಮ್ ಜಗಳಕ್ಕೆ ನನ್ನ್ ಬಾಯಿಯಾ?"

"ನೀವ್ ಸುಮ್ನೆ ಬೈಸ್ಕಂಬವ್ರಲ್ಲ ಅಂದೇ ಕರದ್ದ್," ಎಂದರು. "ಬಾಯಿ ಇಲ್ಲದ ಪಾಪದವನ ಎದ್ರ್ ಗೆದ್ರೆ ಯಾರ್ ನಂಬ್ತ್ರ್?"

ಅದು ಹೊಗಳಿಕೆಯೋ ಇನ್ನೊಂದು ಬಲೆಯೋ ಗೊತ್ತಾಗಲಿಲ್ಲ. ಬರುವುದಿಲ್ಲ ಎಂದು ಹೇಳಿ ಹೊರಟೆ. ಹೊರಟವನು ಬಸ್ ನಿಲ್ದಾಣಕ್ಕೆ ಹೋಗದೆ ಇಗರ್ಜಿಯ ಕಚೇರಿಗೆ ಹೋದೆ. ಒಂದು ಕಡೆಯ ಮಾತು ಕೇಳಿ ಮನೆಗೆ ಹೋಗುವ ಅಭ್ಯಾಸ ನನಗಿಲ್ಲ.

ಫಾದರ್ ಮಂಗಳೂರು ಕಡೆಯವರು, ನನಗಿಂತ ಚಿಕ್ಕವರು. ನಾನು ಯಾರೆಂದು ಹೇಳಿದ ಕೂಡಲೆ ಅವರ ಮುಖದ ನಗು ಅರ್ಧಕ್ಕೆ ನಿಂತಿತು.

"ನಿಮ್ಮನ್ನು ಮೇಷ್ಟ್ರು ಕಳಿಸಿದ್ದಾ?"

ಅವರು ಯಾಜಕನ ಪ್ರಶ್ನೆಯನ್ನೇ ಕೇಳಿದ್ದರು. ನನಗೆ ನಗು ಬಂತು, ತಡೆದುಕೊಂಡೆ. ಇಲ್ಲ, ಯಾಜಕನ ಪಾತ್ರ ಮಾಡಬೇಕಾದವನು, ಯಾಜಕರಿಗೆ ಯಾವ ಚಿಂತೆ ಇರುತ್ತದೆ ಎಂದು ತಿಳಿಯಲು ಬಂದೆ ಎಂದೆ. ಅವರು ನಂಬಲಿಲ್ಲ. ಆದರೂ ಚಹಾ ತರಿಸಿದರು. ಲೋಟ ನನ್ನ ಕಡೆ ಸರಿಸಿ ಅವರೇ ಮಾತಿಗೆ ಶುರು ಮಾಡಿದರು.

"ಈ ಜಾಗ ನನ್ನದಲ್ಲ. ನಾನು ನಾಲ್ಕಾರು ವರ್ಷ ಇದ್ದು ಹೋಗುವವನು. ಕೈಗೆ ಕೊಟ್ಟದ್ದನ್ನು ಹಾಗೆಯೇ ಮುಂದಿನವರ ಕೈಗೆ ಕೊಡಬೇಕು. ನಾನು ಮೊದಲಿದ್ದ ಊರಿನಲ್ಲಿ ಹೀಗೇ ಒಂದು ಕಾಲುದಾರಿ ಇತ್ತು. ಇವತ್ತು ಕಾಲು, ನಾಳೆ ಬೈಕು, ನಾಡಿದ್ದು ಟೆಂಪೊ. ಕೊನೆಗೆ ಸಮಾಧಿಗಳ ಪಕ್ಕದಲ್ಲೇ ರಸ್ತೆಯಾಯಿತು. ಜನ ಬೈದದ್ದು ಯಾರನ್ನು? ಪಾದ್ರಿಯನ್ನು."

"ಮೇಷ್ಟ್ರು?"

"ಒಳ್ಳೆಯವರೇ. ಬೈಬಲಿನ ಕಥೆ ಎಂದರು, ಸಭಾಂಗಣ ಕೊಟ್ಟೆ. ಆದರೆ ಅವರ ಹಿಂದೆ ಯಾರಿದ್ದಾರೆ ಹೇಳಿ? ಒಬ್ಬರೇ ಇಷ್ಟು ಮಾಡಲಿಕ್ಕಿಲ್ಲ." ಅವರು ಕಿಟಕಿಯ ಕಡೆ ನೋಡಿದರು. "ಸ್ವಲ್ಪ ದಿನ ಬೇರೆ ಕಡೆ ಹೋಗಿ ಪ್ರಾರ್ಥನೆ ಮಾಡಲಿ. ಎಲ್ಲರಿಗೂ ಸಮಾಧಾನ."

ಜೆರಾಕ್ಸ್ ಹಾಳೆಯಲ್ಲಿ ಓದಿದ್ದ ಅಮಚ್ಯ ಎದುರಿಗೆ ಕುಳಿತು ಬಿಸ್ಕತ್ತಿನ ತಟ್ಟೆ ಮುಂದೆ ತಳ್ಳಿದ ಹಾಗಾಯಿತು. ಆದರೆ ಈ ಮನುಷ್ಯ ದುಷ್ಟನಲ್ಲ. ಹೆದರಿದ್ದಾರೆ. ಮನೆ ತಮ್ಮದಲ್ಲದ ಕಾರಣ ಇನ್ನೂ ಹೆಚ್ಚು ಹೆದರಿದ್ದಾರೆ. ನನಗೆ ಬೇಕಾಗಿದ್ದ ಯಾಜಕ ಸಿಕ್ಕಿದ್ದ. ಅಲ್ಲೇ ಮನಸ್ಸು ಬದಲಾಯಿತು. ಕೂಟಕ್ಕೆ ಬರುತ್ತೇನೆ, ಮೇಷ್ಟ್ರ ಗೊಂಬೆಯಾಗಿ ಅಲ್ಲ, ಈ ಮನುಷ್ಯನ ವಕೀಲನಾಗಿ ಬರುತ್ತೇನೆ ಎಂದು ತೀರ್ಮಾನಿಸಿದೆ.

ಭಾನುವಾರ ಊಟ ಮುಗಿದ ಮೇಲೆ ಸಭಾಂಗಣದಲ್ಲಿ ಕೂಟ. ಮುಂದಿನ ಸಾಲಿನಲ್ಲಿ ಫಾದರ್, ಪಕ್ಕದಲ್ಲಿ ಸಮಿತಿಯವರು. ಹಿಂದಿನ ಬಾಗಿಲಿನ ಹತ್ತಿರ ಚಿಪ್ಪಿನ ಹೆಂಗಸು ಮತ್ತು ಅವಳ ಜೊತೆಯವರು ನಿಂತಿದ್ದರು. ಅವರನ್ನು ಕರೆದದ್ದು ಮೇಷ್ಟ್ರೇ ಇರಬೇಕು. ಯಾರೋ ಕುರ್ಚಿ ತೋರಿಸಿದರೂ ಅವರು ಕುಳಿತುಕೊಳ್ಳಲಿಲ್ಲ. ಭಾಗವತರು ಜಾಗಟೆ ಹಿಡಿದು ನಡುವೆ, ಬದಿಗೆ ಮದ್ದಳೆ ಚೆಂಡೆ, ಎದುರುಬದುರು ನಾನು ಮತ್ತು ಮೇಷ್ಟ್ರು, ಹೆಗಲಿಗೆ ಶಾಲು.

ಮೇಷ್ಟ್ರ ಪೀಠಿಕೆ ಚೆನ್ನಾಗಿತ್ತು, ಅತಿ ಚೆನ್ನಾಗಿತ್ತು. ಎರಡನೆಯ ವಾಕ್ಯಕ್ಕೇ ನನಗೆ ಗೊತ್ತಾಯಿತು. ಅವರು ಬಾಯಿಪಾಠ ಮಾಡಿಕೊಂಡು ಬಂದಿದ್ದರು. ವರ್ಷಗಟ್ಟಲೆ ಇಗರ್ಜಿಯಲ್ಲಿ ಬರೆದದ್ದನ್ನು ಓದಿದವರು, ಅರ್ಥವನ್ನೂ ಹಾಗೆಯೇ ಬರೆದು, ಉರು ಹೊಡೆದು ತಂದಿದ್ದರು. ಹೊಸಬರಲ್ಲಿ ಓದಿದವರು ಮಾತ್ರ ಮಾಡುವ ತಪ್ಪು ಇದು. ಎದುರಿನವನು ತಾನು ಎಣಿಸಿದ ಪ್ರಶ್ನೆಯನ್ನೇ ಕೇಳುತ್ತಾನೆ ಎಂದು ನಂಬಿ ಬರುತ್ತಾರೆ. ಮೊದಲ ಅಡ್ಡ ಪ್ರಶ್ನೆಗೆ ಹಾಳೆ ಮುಗಿದು ಹೋಗುತ್ತದೆ.

ಭಾಗವತರು ಯಾಜಕನ ಪದ್ಯ ಎತ್ತಿದರು. ನಾನು ಶಾಲು ಸರಿಪಡಿಸಿ ಶುರು ಮಾಡಿದೆ.

"ಅಯ್ಯಾ ಕುರುಬ, ಕುಳಿತುಕೋ. ನಿನ್ನನ್ನು ಕಟ್ಟಿಹಾಕಲು ಕರೆಸಿಲ್ಲ. ಈ ಮಂದಿರ ನನ್ನದಲ್ಲ. ನನಗಿಂತ ಮೊದಲು ಇತ್ತು, ನನ್ನ ಅನಂತರವೂ ಇರಬೇಕು. ನನ್ನ ಕೈಗೆ ಬಂದದ್ದನ್ನು ಒಂದು ಕಲ್ಲೂ ಕಡಮೆಯಾಗದಂತೆ ಮುಂದಿನವನ ಕೈಗೆ ಒಪ್ಪಿಸಬೇಕಾದವನು ನಾನು. ನೀನು ಇವತ್ತು ಬಂದು ಕೂಗಿ ನಾಳೆ ನಿನ್ನ ಕುರಿಗಳ ಕಡೆ ಹೋಗುತ್ತೀ. ಒಡೆದದ್ದನ್ನು ಕಟ್ಟುತ್ತ ಇಲ್ಲಿ ಉಳಿಯುವವನು ಯಾರು? ಕೂಗುವವನಿಗೆ ಒಂದು ದಿನ, ಕಾಯುವವನಿಗೆ ಪ್ರತಿದಿನ."

ಫಾದರ್ ಕುರ್ಚಿಯಲ್ಲಿ ಸ್ವಲ್ಪ ಮುಂದೆ ಸರಿದರು. ಸಮಿತಿಯವರು ತಲೆದೂಗಿದರು. ಮೇಷ್ಟ್ರು, ನಾನು ಪ್ರವಾದಿಯಲ್ಲ, ಬರೀ ಕುರಿ ಕಾಯುವವನು ಎಂದು ಪಾಠದಲ್ಲಿದ್ದ ಉತ್ತರ ಹೇಳಿದರು, ಅದು ನನ್ನ ಮಾತಿಗೆ ಉತ್ತರವಾಗಿರಲಿಲ್ಲ. ನಾನು ಬಿಡಲಿಲ್ಲ.

"ಪ್ರವಾದಿಯಲ್ಲ ಎನ್ನುತ್ತೀ, ಪ್ರವಾದಿಯ ಮಾತನ್ನೇ ಆಡುತ್ತೀ. ಅತ್ತಿಮರ ಹತ್ತುವವನಿಗೆ ಅರಮನೆಯ ಮಂದಿರದಲ್ಲಿ ಏನು ಕೆಲಸ? ನಿನ್ನನ್ನು ಯಾರು ಕಳಿಸಿದ್ದು?"

"ದೇವರು ಕಳಿಸಿದ್ದು."

"ಹಾಗೆನ್ನುವವರು ಈ ಬಾಗಿಲಿಗೆ ದಿನವೂ ಬರುತ್ತಾರೆ. ಅವರಲ್ಲಿ ಒಬ್ಬನನ್ನು ನಂಬಿ ಉಳಿದವರನ್ನು ಹೇಗೆ ಓಡಿಸಲಿ? ನಿನ್ನ ದೇವರು ನನಗೂ ದೇವರಲ್ಲವೇ? ನಿನಗೆ ಹೇಳಿದವನು ನನ್ನ ಕಿವಿಯಲ್ಲಿ ಯಾಕೆ ಹೇಳಲಿಲ್ಲ?"

ಮೇಷ್ಟ್ರು ಬಾಯಿ ತೆರೆದರು, ಮುಚ್ಚಿದರು. ಶಾಲಿನ ಅಂಚನ್ನು ಬೆರಳಿಗೆ ಸುತ್ತತೊಡಗಿದರು. ಸಭೆಯಲ್ಲಿ ಯಾರೋ ಚಪ್ಪಾಳೆ ಹೊಡೆದರು, ಅದು ಮುಂದಿನ ಸಾಲಿಗೂ ಹಬ್ಬಿತು. ಆ ಚಪ್ಪಾಳೆ ನನಗೆ ಬಹಳ ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ. ಭಾಗವತರು ನನ್ನ ಕಡೆ ನೋಡಿದರು. ನಮ್ಮಲ್ಲಿ ಒಂದು ಪದ್ಧತಿ ಇದೆ. ಎದುರಿನವರು ಮಾತಿಲ್ಲದೆ ನಿಂತಾಗ ಹಿರಿಯ ಅರ್ಥಧಾರಿ ಸಣ್ಣಗೆ ತಲೆ ಆಡಿಸುತ್ತಾನೆ, ಭಾಗವತರು ಮುಂದಿನ ಪದ್ಯ ಎತ್ತುತ್ತಾರೆ, ವಾದ ಅಲ್ಲಿಗೆ ಮುಗಿಯಿತು. ಮುಂದಿನ ಪದ್ಯ ಪ್ರವಾದಿಯನ್ನು ಹೊರಗೆ ಕಳಿಸುವ ಪದ್ಯ.

ನಾನು ತಲೆ ಆಡಿಸಿದರೆ ಆಮೋಸ ಸೋತು ಹೋಗುತ್ತಿದ್ದ, ಅದು ದೊಡ್ಡ ವಿಷಯವಲ್ಲ. ಅವನ ಹಿಂದೆಯೇ ಈ ಮೇಷ್ಟ್ರೂ ಹೋಗುತ್ತಿದ್ದರು. ಒಂದೇ ಸಲ ಎಲ್ಲರೆದುರು ಹೇಳಬೇಕು ಎಂದವರು ಎಲ್ಲರೆದುರು ಬಾಯಿ ಕಟ್ಟಿ ಕುಳಿತಿದ್ದರು. ಇನ್ನು ಸಮಿತಿಯವರು ಅವರನ್ನು ಹೊರಗೆ ಹಾಕಬೇಕಾಗಿಯೂ ಇರಲಿಲ್ಲ, ಅವರೇ ಹೋಗುತ್ತಿದ್ದರು. ಹಿಂದೆ ಬಾಗಿಲಿನ ಹತ್ತಿರ ಚಿಪ್ಪಿನ ಹೆಂಗಸು ಜೊತೆಯವರ ಕಿವಿಯಲ್ಲಿ ಏನೋ ಹೇಳಿ ಹೊರಡಲು ತಿರುಗಿದಳು. ನನಗೆ ಒಮ್ಮೆಲೇ ನನ್ನ ಗೆಲುವಿನ ಮೇಲೆಯೇ ಅನುಮಾನ ಬಂತು. ನಾನು ಗೆದ್ದದ್ದು ವಾದದಿಂದಲೋ, ಎದುರಿನವರಿಗೆ ಕಸುಬು ಗೊತ್ತಿಲ್ಲದ್ದರಿಂದಲೋ?

ನಾನು ತಲೆ ಆಡಿಸಲಿಲ್ಲ. ಇಷ್ಟು ವರ್ಷ ಯಾವ ಪಾತ್ರದಲ್ಲೂ ಮಾಡದ್ದನ್ನು ಮಾಡಿದೆ. ನನ್ನ ಹುಣ್ಣನ್ನು ನಾನೇ ಬಿಚ್ಚಿ ಎದುರಿನವರ ಮುಂದಿಟ್ಟೆ.

"ನಾನು ಗುಟ್ಟಿನಲ್ಲಿ ಕೆಲಸ ಮಾಡುವವನಲ್ಲ," ಎಂದೆ, ಮೀಸೆಯ ಮೇಲೆ ಕೈಯಾಡಿಸಿ. "ರಾಜನಿಗೆ ಏನು ಹೇಳಿ ಕಳಿಸಿದ್ದೇನೆ, ಕೇಳು. ಆಮೋಸ ನಿನ್ನ ಮೇಲೆ ಸಂಚು ಹೂಡಿದ್ದಾನೆ. ರಾಜ ಕತ್ತಿಗೆ ಬಲಿಯಾಗುತ್ತಾನೆ, ಜನ ನಾಡು ಬಿಟ್ಟು ಸೆರೆ ಹೋಗುತ್ತಾರೆ ಎಂದು ಕೂಗುತ್ತಿದ್ದಾನೆ. ಇವನ ಮಾತನ್ನು ಈ ನೆಲ ತಾಳಲಾರದು. ಇಷ್ಟು ಹೇಳಿ ಕಳಿಸಿದ್ದೇನೆ. ನೀನು ಆಡಿದ್ದರಲ್ಲಿ ಒಂದನ್ನೂ ಬಿಟ್ಟಿಲ್ಲ, ಮುಚ್ಚಿಟ್ಟಿಲ್ಲ."

ಭಾಗವತರ ಹುಬ್ಬು ಮೇಲೇರಿತು. ನನ್ನನ್ನು ಬಲ್ಲವರು ಅವರು. ಮೇಷ್ಟ್ರು ನೆಲ ನೋಡುತ್ತ ಕುಳಿತೇ ಇದ್ದರು. ಆ ಹುಣ್ಣು ಅವರ ಕಣ್ಣಿಗೆ ಬೀಳಲಿಲ್ಲವೇನೋ ಎಂದು ನನಗೆ ಹೆದರಿಕೆಯಾಯಿತು. ಆಮೇಲೆ ಅವರು ನಿಧಾನವಾಗಿ ತಲೆ ಎತ್ತಿದರು. ಶಾಲಿನ ಅಂಚು ಬೆರಳಿನಿಂದ ಬಿಚ್ಚಿ ಬಿತ್ತು.

"ಅಷ್ಟೇಯಾ?" ಎಂದರು.

ಪೀಠಿಕೆಯ ಗ್ರಂಥದ ಕನ್ನಡ ಹೋಗಿತ್ತು. ಅದು ಶಾಲೆಯಲ್ಲಿ ಹುಡುಗರು ಪಾಠವನ್ನು ಅರ್ಧ ಒಪ್ಪಿಸಿ ನಿಂತಾಗ ಮೇಷ್ಟ್ರು ಕೇಳುವ ಸ್ವರ.

"ರಾಜ ಸಾಯ್ತ ಅಂದದ್ದ್ ಹೇಳ್ದೆ. ಎಂತಕ್ ಸಾಯ್ತ ಅಂದದ್ದ್ ಎಲ್ಲಿ? ಬಡವ್ರ್ ಎಲ್ಲಿ ಹೋದ್ರ್ ಯಾಜಕ? ನಾನ್ ಬಂದದ್ದ್ ಅವ್ರ್ ಸುದ್ದಿ ಹೇಳೂಕೆ. ನಿನ್ನ್ ದೂರಗೆ ನಾನಿದ್ದೆ, ರಾಜ ಇದ್ದ, ಕತ್ತಿ ಇತ್ತ್. ಅವ್ರ್ ಒಬ್ರೂ ಇಲ್ಲ. ಅವ್ರನ್ನ್ ಹೇಳಿದ್ರೆ ರಾಜ ನಿನ್ನನ್ನೇ ಕೇಣ್ತಿದ್ದ, ದೀನರ ದಾರಿಗ್ ಅಡ್ಡ ಕಟ್ಟದ್ದ್ ಹೌದಾ ಅಂದ್. ಅದ್ಕೆ ಅವ್ರನ್ನ್ ಬಿಟ್ಟೆ. ನನ್ನನ್ನ್ ಯಾರ್ ಕಳ್ಸಿದ್ ಅಂದ್ ಕೇಣ್ತೆ. ಕಳ್ಸಿದವ್ರ್ ಬೇಡ, ನಾನ್ ಹೇಳದ್ದ್ ಸುಳ್ಳಾ? ಅದೊಂದನ್ನ್ ನೀ ಇಷ್ಟ್ ಹೊತ್ತೂ ಕೇಣ್ಲೇ ಇಲ್ಲ."

ನನ್ನ ಬಳಿ ಉತ್ತರಗಳಿದ್ದವು. ಎರಡೋ ಮೂರೋ ಅಲ್ಲೇ ನಾಲಿಗೆಯ ತುದಿಯಲ್ಲಿದ್ದವು, ಒಂದಂತೂ ಚಪ್ಪಾಳೆ ಗಿಟ್ಟಿಸುವಂತಹದ್ದು. ಸಭೆಯಲ್ಲಿ ಮಾತ್ರ ಚಪ್ಪಾಳೆ ಇರಲಿಲ್ಲ. ಸಮಿತಿಯವರೊಬ್ಬರು ಮೊಬೈಲ್ ನೋಡತೊಡಗಿದರು. ಹಿಂದೆ ಹೊರಡಲು ತಿರುಗಿದ್ದ ಹೆಂಗಸು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟಿದ್ದಳು. ನಾನು ಉತ್ತರಗಳನ್ನು ನುಂಗಿ ಭಾಗವತರ ಕಡೆ ತಲೆ ಆಡಿಸಿದೆ. ಪದ್ಯ ಎತ್ತಿದರು. ಪ್ರಸಂಗದ ನಡೆಯಂತೆ ಪ್ರವಾದಿಯನ್ನು ಊರಿನಿಂದ ಹೊರಗೆ ಕಳಿಸಿದೆ. ಕಥೆ ಬದಲಿಸುವ ಅಧಿಕಾರ ನಮಗಿಲ್ಲ. ಅವರು ಎದ್ದು ನಿಂತು, ಬೆನ್ನು ನೆಟ್ಟಗೆ ಮಾಡಿಕೊಂಡು ಹೋದರು.

ಕೂಟ ಮುಗಿದ ಮೇಲೆ ಫಾದರ್ ಚಹಾ ಲೋಟ ಹಿಡಿದು ನನ್ನ ಹತ್ತಿರ ಬಂದರು. ಅಭಿನಂದನೆ ಹೇಳಲಿಲ್ಲ.

"ಯಾಜಕ ಬಡವರನ್ನು ಬಿಟ್ಟದ್ದು ಬೇಕೆಂತಲೇ ಅಂತೀರಾ?"

"ಗೊತ್ತಿಲ್ಲ ಫಾದರ್," ಎಂದೆ. "ಮೊದಲು ಹೆದರಿ ಬಿಟ್ಟಿರಬಹುದು. ಆಮೇಲೆ ಅವರ ನೆನಪೇ ಬಂದಿರಲಿಕ್ಕಿಲ್ಲ."

"ನಾನೂ ಮೇ­ಲಿನವರಿಗೆ ಮೇಷ್ಟ್ರ ಗಲಾಟೆ ಎಂದಷ್ಟೇ ಹೇಳಿದ್ದು," ಎಂದರು. ಚಹಾ ಕುಡಿಯದೆ ಹೋದರು.

ಮೇಷ್ಟ್ರು ನನ್ನನ್ನು ಬಸ್ಸಿಗೆ ಬಿಡಲು ಬಂದರು. ಬಸ್ಸು ಕಾಣಿಸಿದಾಗ ಕೇಳಿದರು.

"ನೀವ್ ಬಿಟ್ಟ್ ಕೊಟ್ರಿ ಅಲ್ದಾ?"

"ಎಂತದ್ದನ್ನ್?"

"ಆ ದೂರ್. ಬೇಕೂಂದೇ ಬಾಯಿ ಬಿಟ್ಟದ್ದಲ್ದಾ?"

"ಇಲ್ಲ ಮೇಷ್ಟ್ರೆ. ನೀವ್ ಹಿಡ್ದ್ರಿ, ನಾನ್ ಬಿದ್ದೆ," ಎಂದೆ. ಬಿಟ್ಟುಕೊಟ್ಟದ್ದನ್ನು ಒಪ್ಪಿಕೊಂಡರೆ ಕೊಟ್ಟದ್ದನ್ನು ತಿರುಗಿ ಕಸಿದುಕೊಂಡ ಹಾಗೆ. ಅವರು ನಂಬಿದಂತೆ ಕಾಣಲಿಲ್ಲ.

ಒಂದು ದಿನ ಅವರದೇ ಫೋನು ಬಂತು. ಫಾದರ್ ಪೂಜೆಗೆ ಮೊದಲು ತಾವೇ ಬಂದು ಮೊದಲ ವಾಚನ ಓದಲು ಕರೆದರಂತೆ. ಓದಿದರಂತೆ. ಗೋಡೆಯನ್ನು ಒಂದು ಕಡೆ ಒಡೆದು ಗೇಟು ಇಡುತ್ತಿದ್ದಾರಂತೆ. "ಎಂತಕ್ ಕರ್ದ್ರೋ, ಇದ್ರ್ ಹಿಂದೆ ಎಂತ ಇತ್ತೋ ದೇವ್ರೇ ಬಲ್ಲ," ಎಂದರು ಮೇಷ್ಟ್ರು. ನನ್ನ ಜೊತೆ ಸೇರಿ ಕೆಟ್ಟರು ಎಂದು ನಾನು ನಕ್ಕೆ.

ನಕ್ಕೆನೇ ಹೊರತು ನನಗೂ ಸಮಾಧಾನವಿರಲಿಲ್ಲ. ಸಾಲಿಗ್ರಾಮಕ್ಕೆ ಹೋಗುವ ಕೆಲಸವಿದ್ದ ದಿನ ಮುಂದೆ ಬ್ರಹ್ಮಾವರಕ್ಕೆ ಟಿಕೆಟು ತೆಗೆದು, ಅಲ್ಲಿ ಬಸ್ಸು ಬದಲಿಸಿ ಆ ಊರಿನಲ್ಲಿಳಿದೆ. ಹೌದು, ಗೋಡೆಯ ನಡುವೆ ಒಂದು ಚಿಕ್ಕ ಕಬ್ಬಿಣದ ಗೇಟು, ಒಬ್ಬರು ಬುಟ್ಟಿ ಹೊತ್ತು ಹೋಗುವಷ್ಟು ಅಗಲ. ಆದರೆ ಚಿಲಕ ಇಗರ್ಜಿಯ ಬದಿಗೆ ಇತ್ತು. ಬೀಗ ಹಾಕಲು ಕೊಂಡಿಯೂ ಇತ್ತು. ಇದನ್ನೇ ನಾನು ಎಣಿಸಿದ್ದು ಎಂದುಕೊಂಡು ಬಗ್ಗಿ ಕೊಂಡಿಯನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಬೀಗ ಉಜ್ಜಿದ ಗುರುತು ಇದೆಯೇ ಎಂದು ಹುಡುಕಿದೆ. ಬಣ್ಣ ಎಲ್ಲೂ ಹೋಗಿರಲಿಲ್ಲ.

ಹೊಳೆಯ ಕಡೆಯಿಂದ ಅದೇ ಹೆಂಗಸು ಬುಟ್ಟಿ ಹೊತ್ತು ಬಂದಳು. ಹಿಂದೆ ಎರಡೂ ಸಲ ಪಂಚೆಯಲ್ಲಿ ಕಂಡಿದ್ದ ನನ್ನ ಗುರುತು, ಅಂಗಿ ಪ್ಯಾಂಟು ಹಾಕಿ ಗೇಟಿಗೆ ಬಗ್ಗಿ ನಿಂತಾಗ ಅವಳಿಗೆ ಸಿಗಲಿಲ್ಲ. ದೂರದಲ್ಲೇ ನಿಂತಳು.

"ಹ್ವಾಯ್, ಎಂತ ಕಾಂತ್ರಿ ಅಲ್ಲಿ? ನಿಮ್ಮನ್ನ್ ಯಾರ್ ಕಳ್ಸಿದ್?"

"ಯಾರೂ ಇಲ್ಲ ಅಬ್ಬಿ. ನಾನೇ ಬಂದದ್ದ್."

ಅವಳು ನಂಬಲಿಲ್ಲ. ಗೇಟು ದಾಟಿ, ನನ್ನಿಂದ ದೂರ ಸರಿದು ಈಚೆ ಬಂದಳು. ತಲೆಯ ಮೇಲಿನ ಬುಟ್ಟಿಯಿಂದ ನೀರು ತೊಟ್ಟಿಕ್ಕುತ್ತಿತ್ತು, ಚಿಪ್ಪುಗಳು ಇನ್ನೂ ಬಾಯಿ ಬಿಟ್ಟಿರಲಿಲ್ಲ. ಪೇಟೆಗೆ ಹೊತ್ತಾಗುತ್ತಿದ್ದರೂ ಅವಳು ಹೋಗಲಿಲ್ಲ. ಒಂದು ಕೈ ಬುಟ್ಟಿಗೆ, ಇನ್ನೊಂದು ಕೈ ಗೇಟಿಗೆ ಹಿಡಿದು, ನಾನು ರಸ್ತೆ ಹತ್ತುವವರೆಗೂ ಅಲ್ಲೇ ನಿಂತಿದ್ದಳು.